ವಯಸ್ಸಾದ ಬೆಕ್ಕಿನ ಕೀಲುನೋವಿಗೆ ಪೂರಕ: ಆರಿಸುವುದು, ಕೊಡುವುದು, ಫಲವನ್ನು ಅಳೆಯುವುದು

ಶಿಡ್ಲಘಟ್ಟದ ಕಡೆ ರೇಷ್ಮೆ ಹುಳು ಮೇಯಿಸುವವರ ಮನೆಯಲ್ಲಿ ಬೆಕ್ಕನ್ನು ಬರೀ ಅಕ್ಕರೆಗಾಗಿ ಸಾಕುವುದಿಲ್ಲ. ನಾಲ್ಕನೇ ಜ್ವರ (ಪೊರೆ ಕಳಚುವ ಹಂತ) ಎದ್ದು ಮೈತುಂಬಿಕೊಂಡ ಹುಳುವಿನ ಮೇಲೂ ಚಂದ್ರಿಕೆಯಲ್ಲಿ (ಹುಳು ಗೂಡು ಕಟ್ಟಲು ಬಿಡುವ ತಟ್ಟೆಯಲ್ಲಿ) ಕಟ್ಟಿದ ಗೂಡಿನ ಮೇಲೂ ಇಲಿಗೆ ಸದಾ ಕಣ್ಣು. ನಮ್ಮ ಹುಳುಮನೆಯಲ್ಲಿ ಕೆಂಚಿ ಹನ್ನೊಂದು ವರ್ಷ ಕಾವಲು ಕಾಯ್ದಳು. ನೆಲದಿಂದ ಹುಳು ಮೇಯಿಸುವ ಸ್ಟ್ಯಾಂಡಿನ ಮೂರನೇ ಅಂತಸ್ತಿನ ಅಂಚಿಗೆ, ಅಲ್ಲಿಂದ ತೊಲೆಗೆ, ಎರಡೇ ನೆಗೆತ. ಒಂದು ಡಿಸೆಂಬರ್ ಬೆಳಿಗ್ಗೆ ಅವಳು ಸೊಪ್ಪಿನ ಗೋಣಿಯ ಮೇಲೆ ಮುಂಗಾಲು ಊರಿ, ತೊಲೆಯನ್ನು ಒಂದಷ್ಟು ಹೊತ್ತು ನೋಡಿ, ಕಾಲು ಇಳಿಸಿಕೊಂಡು ಅಲ್ಲೇ ಕುಳಿತುಬಿಟ್ಟಳು. ವಯಸ್ಸಾಯಿತು ಎಂದುಕೊಂಡು ನಾವು ನಮ್ಮ ಕೆಲಸಕ್ಕೆ ಹೋದೆವು. ಆ ಒಂದು ಮಾತಿನಿಂದ ಅವಳು ಒಂದು ವರ್ಷ ನೋವು ತಿಂದಳು. ಆ ವರ್ಷವೂ ಅದರ ನಂತರದ ವರ್ಷವೂ ಕಲಿಸಿದ್ದನ್ನು ಕ್ರಮವಾಗಿ ಬರೆಯುತ್ತಿದ್ದೇನೆ. ಕೀಲಿನ ಪೂರಕಗಳ ಡಬ್ಬಿ ಕೊಳ್ಳಲು ಹೊರಟವರು ಕೊಳ್ಳುವ ಮೊದಲೇ ಇದನ್ನು ಓದಿದರೆ ಒಳ್ಳೆಯದು.

ಮೊದಲು, ನೋವನ್ನು ಗುರುತಿಸಿ

2002ರಲ್ಲಿ ಅಮೆರಿಕದ ಪಶುವೈದ್ಯರು 12 ವರ್ಷ ಮೀರಿದ 100 ಬೆಕ್ಕುಗಳ ಎಕ್ಸ್‌ರೇಗಳನ್ನು ಪರಿಶೀಲಿಸಿದಾಗ 90 ಬೆಕ್ಕುಗಳಲ್ಲಿ ಕೀಲು ಸವೆತದ ಗುರುತು ಕಂಡಿತ್ತು. ಇಷ್ಟು ಸಾಮಾನ್ಯವಾದ ಕಾಯಿಲೆ ಮನೆಯವರ ಕಣ್ಣಿಗೆ ಬೀಳದಿರಲು ಮುಖ್ಯ ಕಾರಣ, ಬೆಕ್ಕು ಕುಂಟುವುದು ಅಪರೂಪ. ಸೊಂಟದ ಕೀಲಾಗಲಿ, ಮುಂಗಾಲಿನ ಮೊಣಕೈ ಕೀಲಾಗಲಿ ಹೆಚ್ಚಾಗಿ ಎಡಬಲ ಎರಡೂ ಒಟ್ಟಿಗೆ ಸವೆಯುವುದರಿಂದ, ನೋಯುವ ಕಾಲನ್ನು ಎತ್ತಿ ಭಾರ ಹಾಕಲು ಗಟ್ಟಿಯಾದ ಇನ್ನೊಂದು ಕಾಲು ಅದಕ್ಕೆ ಉಳಿದಿರುವುದಿಲ್ಲ. ಆದ್ದರಿಂದ ಬೆಕ್ಕು ತನ್ನ ದಿನಚರಿಯನ್ನೇ ಚಿಕ್ಕದು ಮಾಡಿಕೊಳ್ಳುತ್ತದೆ. ಅಟ್ಟಕ್ಕೆ ಹೋಗುತ್ತಿದ್ದದ್ದು ಕಟ್ಟೆಗೆ ಇಳಿಯುತ್ತದೆ, ಕಟ್ಟೆಯಲ್ಲಿ ಮಲಗುತ್ತಿದ್ದದ್ದು ನೆಲಕ್ಕೆ ಬರುತ್ತದೆ. ನಮ್ಮ ಕಣ್ಣಿಗೆ ಅದು ಸೋಮಾರಿತನದಂತೆ ಕಾಣುತ್ತದೆ.

ಪಶುವೈದ್ಯರು 2020ರಲ್ಲಿ ಪ್ರಕಟಿಸಿದ ಒಂದು ಚಿಕ್ಕ ಪ್ರಶ್ನಾವಳಿ ಆರೇ ಸಂಗತಿಗಳನ್ನು ಕೇಳುತ್ತದೆ: ಮೇಲಕ್ಕೆ ನೆಗೆಯುವುದು, ಕೆಳಕ್ಕೆ ಧುಮುಕುವುದು, ಮೆಟ್ಟಿಲು ಹತ್ತುವುದು, ಮೆಟ್ಟಿಲು ಇಳಿಯುವುದು, ಓಡುವುದು, ಚಲಿಸುವ ವಸ್ತುವನ್ನು ಅಟ್ಟಿಸಿಕೊಂಡು ಹೋಗುವುದು. ಈ ಆರರಲ್ಲಿ ಯಾವುದನ್ನಾದರೂ ನಿಮ್ಮ ಬೆಕ್ಕು ಮೊದಲಿನಂತೆ ಮಾಡುತ್ತಿಲ್ಲವಾದರೆ ವೈದ್ಯರಿಗೆ ತೋರಿಸಲು ಅಷ್ಟೇ ಸಾಕು. ಇದರ ಜೊತೆಗೆ ಮೈಯನ್ನೂ ನೋಡಿ. ಕೆಂಚಿಯ ಬೆನ್ನ ಕೊನೆಯಲ್ಲಿ, ಬಾಲ ಶುರುವಾಗುವ ಕಡೆ, ಕೂದಲು ಒರಟು ನಾರಿನಂತೆ ಗಂಟುಗಂಟಾಗಿತ್ತು. ಸೊಂಟ ತಿರುಗಿಸಿ ಅಲ್ಲಿಯವರೆಗೆ ನೆಕ್ಕಿಕೊಳ್ಳಲು ಅವಳಿಗೆ ಆಗುತ್ತಿರಲಿಲ್ಲ. ರಾತ್ರಿ ಸಿಮೆಂಟ್ ನೆಲದ ಮೇಲೆ ನಡೆದರೆ ಉಗುರು ಟಕ್ ಟಕ್ ಎಂದು ಕೇಳಿಸುತ್ತಿತ್ತು. ಮರ, ಗೋಣಿ ಕೆರೆಯುವುದನ್ನು ಬಿಟ್ಟಿದ್ದರಿಂದ ಉಗುರು ದಪ್ಪಗಾಗಿ ಬಾಗಿತ್ತು. ಮರಳಿನ ತಟ್ಟೆಯ ಪಕ್ಕದಲ್ಲೇ ಉಚ್ಚೆ ಹೊಯ್ಯುವುದು, ಸೊಂಟ ಸವರಿದರೆ ತಿರುಗಿ ಹೊಡೆಯುವುದು ಕೂಡ ಇದೇ ಸಾಲಿಗೆ ಸೇರುತ್ತವೆ. ಇವನ್ನು ಬೆಕ್ಕಿನ ಹಟವೆಂದು ಬೈಯಬೇಡಿ.

ಡಬ್ಬಿಗಿಂತ ಮೊದಲು ವೈದ್ಯರು

ಪೂರಕ ತಾನೇ, ಔಷಧವಲ್ಲವಲ್ಲ, ಕೊಟ್ಟು ನೋಡೋಣ ಎಂಬ ಮನೋಭಾವ ನನಗೂ ಇತ್ತು. ತೊಂದರೆಯೆಂದರೆ, ಮುದಿ ಬೆಕ್ಕು ನೆಗೆಯದಿರುವುದಕ್ಕೆ ಬೇರೆ ಕಾರಣಗಳೂ ಇರುತ್ತವೆ. ಸಕ್ಕರೆ ಕಾಯಿಲೆ ಇರುವ ಬೆಕ್ಕು ಹಿಂಗಾಲಿನ ಹಿಮ್ಮಡಿಯನ್ನು ನೆಲಕ್ಕೆ ಊರಿ ನಡೆಯಬಹುದು. ಮೂತ್ರಪಿಂಡ ಸೋತು ರಕ್ತದಲ್ಲಿ ಪೊಟ್ಯಾಸಿಯಂ ಇಳಿದರೆ ಸ್ನಾಯುಗಳು ನಿಶ್ಶಕ್ತವಾಗಿ ಕತ್ತು ಬಾಗುತ್ತದೆ. ಜಗಳದಲ್ಲಿ ಕಚ್ಚಿಸಿಕೊಂಡ ಗಾಯ ಒಳಗೇ ಕೀವು ಕಟ್ಟಿಕೊಂಡಿರಬಹುದು. ಇವುಗಳಲ್ಲಿ ಯಾವುದಕ್ಕೂ ಕೀಲಿನ ಪುಡಿ ಮದ್ದಲ್ಲ. ಪುಡಿ ಹಾಕುತ್ತಾ ಕಾದ ಆರು ವಾರ ಆ ಕಾಯಿಲೆಗಳ ಪಾಲಾಗುತ್ತದೆ.

ಎರಡು ಸ್ಥಿತಿಗಳಲ್ಲಂತೂ ಒಂದು ಗಂಟೆಯೂ ಕಾಯಬಾರದು. ಬೆಕ್ಕು ಇದ್ದಕ್ಕಿದ್ದಂತೆ ಹಿಂಗಾಲುಗಳ ಸ್ವಾಧೀನ ಕಳೆದುಕೊಂಡು ಜೋರಾಗಿ ಕೂಗುತ್ತಿದ್ದು, ಆ ಪಾದಗಳು ಮುಟ್ಟಿದರೆ ತಣ್ಣಗಿದ್ದರೆ ಅದು ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡ ಲಕ್ಷಣ. ಗಂಡು ಬೆಕ್ಕು ಮತ್ತೆ ಮತ್ತೆ ಮರಳಿನಲ್ಲಿ ಕುಳಿತು ತಿಣುಕುತ್ತಿದ್ದು, ಉಚ್ಚೆ ಹನಿಯಷ್ಟೂ ಬಾರದಿದ್ದರೆ ಮೂತ್ರನಾಳ ಕಟ್ಟಿಕೊಂಡಿದೆ. ಎರಡೂ ಪ್ರಾಣಕ್ಕೆ ಕುತ್ತು ತರುವಂಥವು.

ತಾಲ್ಲೂಕಿನ ಪಶು ಆಸ್ಪತ್ರೆಗೆ ಬರುವುದು ಹೆಚ್ಚಾಗಿ ಹಸು, ಕುರಿ, ಮೇಕೆಗಳೇ ಆದರೂ ಕೀಲು ಮುಟ್ಟಿ ಪರೀಕ್ಷಿಸುವುದು, ರಕ್ತ ತೆಗೆದು ಪರೀಕ್ಷೆಗೆ ಕಳಿಸುವುದು ಅಲ್ಲಿಂದಲೇ ಆರಂಭವಾಗಬಹುದು. ಎಕ್ಸ್‌ರೇ ಬೇಕೆಂದಾದರೆ ಚಿಕ್ಕಬಳ್ಳಾಪುರ ಜಿಲ್ಲೆಯವರಿಗೆ ಒಂದು ಅನುಕೂಲವಿದೆ. ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಬೆಂಗಳೂರಿನ ಕಡೆ ಹೋದರೆ ನಗರದ ಬಾಗಿಲಲ್ಲೇ, ಹೆಬ್ಬಾಳದಲ್ಲಿ, 1958ರಲ್ಲಿ ಆರಂಭವಾದ ಪಶುವೈದ್ಯಕೀಯ ಕಾಲೇಜು ಮತ್ತು ಅದರ ಆಸ್ಪತ್ರೆ ಸಿಗುತ್ತವೆ. ಬೆಕ್ಕನ್ನು ಗೋಣಿಚೀಲದಲ್ಲಿ ಕಟ್ಟಿ ತರಬೇಡಿ. ಮುಚ್ಚಳವಿರುವ ಬಿದಿರು ಬುಟ್ಟಿಯೋ ಪ್ಲಾಸ್ಟಿಕ್ ಕ್ರೇಟೋ ಇರಲಿ, ಒಳಗೆ ಅದು ದಿನವೂ ಮಲಗುವ ಬಟ್ಟೆಯನ್ನೇ ಹಾಸಿ ಮೇಲೆ ತೆಳು ಪಂಚೆ ಹೊದಿಸಿ.

ಇಲ್ಲಿ ಒಂದು ಮಾತು ತಿಳಿದಿರಲಿ: ಎಕ್ಸ್‌ರೇ ಮತ್ತು ನೋವು ಯಾವಾಗಲೂ ಒಂದಕ್ಕೊಂದು ತಾಳೆಯಾಗುವುದಿಲ್ಲ. ಚಿತ್ರದಲ್ಲಿ ಕೆಟ್ಟದಾಗಿ ಕಾಣುವ ಕೀಲು ಅಷ್ಟು ನೋಯದೆ ಇರಬಹುದು, ಚೆನ್ನಾಗಿ ಕಾಣುವ ಕೀಲು ನೋಯಬಹುದು. ಮೇಲಾಗಿ ಆಸ್ಪತ್ರೆಯ ಮೇಜಿನ ಮೇಲೆ ಹೆದರಿ ಮುದುಡಿ ಕುಳಿತ ಬೆಕ್ಕು ತನ್ನ ನಡಿಗೆಯನ್ನು ಯಾರಿಗೂ ತೋರಿಸುವುದಿಲ್ಲ. ಆದ್ದರಿಂದ ಹೊರಡುವ ಮೊದಲು ಮನೆಯಲ್ಲೇ, ಪಕ್ಕದಿಂದ, ಅದು ನಡೆಯುವುದನ್ನೂ ಕಟ್ಟೆ ಹತ್ತಿ ಇಳಿಯುವುದನ್ನೂ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳಿ. ನಾವು ಹಾಗೆ ಮಾಡಿರಲಿಲ್ಲ. ವೈದ್ಯರು ನನ್ನ ತಾಯಿಯನ್ನು ಕೇಳಿದರು: “ಏನಮ್ಮಾ, ತೊಲೆ ಹತ್ತೋದು ಯಾವಾಗಿಂದ ಬಿಟ್ಟಿತು?” “ಹೋದ ದೀಪಾವಳಿಗೆ ಹತ್ತುತ್ತಿತ್ತು ಸಾರ್” ಎಂದರು ಅಮ್ಮ. ಅದಕ್ಕೂ ಮೊದಲೇ ಬಿಟ್ಟಿತ್ತು ಎಂದು ನನಗೆ ಅನ್ನಿಸಿತ್ತು. ಒಂದೇ ಮನೆಯಲ್ಲಿ, ಒಂದೇ ಬೆಕ್ಕನ್ನು ದಿನವೂ ನೋಡುವ ಇಬ್ಬರಿಗೆ ಒಂದೇ ಉತ್ತರ ಇರಲಿಲ್ಲ. ಆ ದಿನ ಸಂಜೆಯೇ ಒಂದು ನೋಟ್‌ಬುಕ್ ತಂದೆ.

ಪೂರಕ ಶುರುಮಾಡುವ ಮೊದಲ ವಾರ: ಬರೆದಿಡಿ

ಈ ಲೇಖನದಲ್ಲಿ ಒಂದೇ ಹೆಜ್ಜೆಯನ್ನು ಪಾಲಿಸುತ್ತೇನೆ ಎನ್ನುವವರು ಇದನ್ನು ಪಾಲಿಸಲಿ. ಯಾವ ಪೂರಕವನ್ನೂ ಕೊಡದೆ ಏಳು ದಿನ, ಮೇಲೆ ಹೇಳಿದ ಆರು ಕೆಲಸಗಳ ಮುಂದೆ ದಿನಕ್ಕೊಂದು ಗುರುತು ಹಾಕಿ. ಸರಾಗವಾಗಿ ಮಾಡಿದರೆ ಎರಡು, ತಡವರಿಸಿ ಮಾಡಿದರೆ ಒಂದು, ಮಾಡದಿದ್ದರೆ ಸೊನ್ನೆ. ನಿಮ್ಮ ಮನೆಯಲ್ಲಿ ಮೆಟ್ಟಿಲಿಲ್ಲದಿದ್ದರೆ ಅದರ ಬದಲು ನಿಮ್ಮ ಬೆಕ್ಕಿಗೇ ವಿಶಿಷ್ಟವಾದ ಒಂದು ಕೆಲಸ ಆರಿಸಿಕೊಳ್ಳಿ. ಕೆಂಚಿಯ ಪಟ್ಟಿಯಲ್ಲಿ “ಸ್ಟ್ಯಾಂಡಿನ ಎರಡನೇ ಅಂತಸ್ತು” ಎಂಬ ಸಾಲಿತ್ತು, “ಬೆಳಗಿನ ಹಾಲಿನ ಕ್ಯಾನ್ ಶಬ್ದಕ್ಕೆ ಓಡಿ ಬರುವುದು” ಎಂಬ ಇನ್ನೊಂದು ಸಾಲಿತ್ತು. “ಚೆನ್ನಾಗಿದೆ”, “ಪರವಾಗಿಲ್ಲ” ಎಂಬ ಮಾತುಗಳನ್ನು ಬರೆಯಬೇಡಿ, ಎರಡು ತಿಂಗಳ ನಂತರ ಅವುಗಳಿಂದ ಏನೂ ತಿಳಿಯುವುದಿಲ್ಲ.

ತೂಕವನ್ನೂ ಬರೆಯಿರಿ. ಗೂಡು ತೂಗುವ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಬುಟ್ಟಿ ಇಟ್ಟು, ಸೊನ್ನೆಗೆ ತಂದು, ಬೆಕ್ಕನ್ನು ಕೂರಿಸಿದರೆ ಗ್ರಾಂ ಲೆಕ್ಕದಲ್ಲಿ ತೂಕ ಸಿಗುತ್ತದೆ. ನಿಮ್ಮಲ್ಲಿ ಅದಿಲ್ಲದಿದ್ದರೆ ಪರಿಚಯದ ದಿನಸಿ ಅಂಗಡಿಯಲ್ಲಿ ಕೇಳಿ. ಮನುಷ್ಯರ ತೂಕದ ಯಂತ್ರದ ಮೇಲೆ ಬೆಕ್ಕನ್ನು ಎತ್ತಿಕೊಂಡು ನಿಂತು ಕಳೆಯುವ ಪದ್ಧತಿಯಲ್ಲಿ ನೂರಿನ್ನೂರು ಗ್ರಾಂ ತಪ್ಪಾಗಬಹುದು. ನಾಲ್ಕು ಕೆಜಿ ಪ್ರಾಣಿಗೆ ಅದು ಸಣ್ಣ ತಪ್ಪಲ್ಲ.

ಯಾವ ಪೂರಕ

ಪೂರಕಗಳ ಪೈಕಿ ನಾನು ಮೊದಲು ಆರಿಸುವುದು ಮೀನಿನೆಣ್ಣೆಯ ಒಮೆಗಾ-3, ಅಂದರೆ ಇಪಿಎ ಮತ್ತು ಡಿಎಚ್‌ಎ ಎಂಬ ಎರಡು ಕೊಬ್ಬಿನಾಮ್ಲಗಳು. ಇವು ದೇಹದಲ್ಲಿ ಉರಿಯೂತ ಹುಟ್ಟಿಸುವ ರಾಸಾಯನಿಕಗಳ ಉತ್ಪತ್ತಿಯನ್ನು ತಗ್ಗಿಸುತ್ತವೆ. ಕೀಲು ಸವೆದ 16 ಬೆಕ್ಕುಗಳ ಮೇಲೆ ನಡೆದ ಒಂದು ಪರೀಕ್ಷೆಯಲ್ಲಿ, ಯಾವುದನ್ನು ಕೊಡುತ್ತಿದ್ದೇವೆಂದು ಮನೆಯವರಿಗೆ ತಿಳಿಸದೆ ಮೀನಿನೆಣ್ಣೆಯನ್ನೂ ಜೋಳದೆಣ್ಣೆಯನ್ನೂ ತಲಾ 10 ವಾರ ಕೊಟ್ಟಾಗ, ಮೀನಿನೆಣ್ಣೆಯ ಅವಧಿಯಲ್ಲಿ ಬೆಕ್ಕುಗಳು ಹೆಚ್ಚು ಚುರುಕಾಗಿದ್ದು ಹೆಚ್ಚು ಎತ್ತರಕ್ಕೆ ನೆಗೆದವು ಎಂದು ಮನೆಯವರೇ ದಾಖಲಿಸಿದರು. ಅಗಸೆಬೀಜದ ಎಣ್ಣೆ ಇದಕ್ಕೆ ಬದಲಾಗದು. ಅದರಲ್ಲಿರುವ ಒಮೆಗಾ-3 ಬೇರೆ ಬಗೆಯದು, ಅದನ್ನು ಇಪಿಎ ಆಗಿ ಮಾರ್ಪಡಿಸಿಕೊಳ್ಳುವ ಶಕ್ತಿ ಬೆಕ್ಕಿನ ದೇಹಕ್ಕೆ ತೀರಾ ಕಡಿಮೆ.

ಎರಡನೆಯದಾಗಿ, ನ್ಯೂಜಿಲೆಂಡಿನ ಹಸಿರು ತುಟಿಯ ಚಿಪ್ಪುಮೀನಿನ ಪುಡಿ. ಇಪಿಎ, ಡಿಎಚ್‌ಎ, ಈ ಚಿಪ್ಪುಮೀನು, ಗ್ಲುಕೋಸಮೈನ್, ಕಾಂಡ್ರಾಯ್ಟಿನ್ ಎಲ್ಲವನ್ನೂ ಸೇರಿಸಿದ ಆಹಾರವನ್ನು 9 ವಾರ ಕೊಟ್ಟು, ಬೆಕ್ಕಿನ ಕತ್ತುಪಟ್ಟಿಗೆ ಚಲನೆ ಅಳೆಯುವ ಯಂತ್ರ ಕಟ್ಟಿ ನೋಡಿದಾಗ ಓಡಾಟ ಹೆಚ್ಚಿದ್ದು ಕಂಡಿದೆ. ಆದರೆ ಎಲ್ಲವೂ ಒಂದೇ ಬಟ್ಟಲಲ್ಲಿದ್ದ ಕಾರಣ ಕೆಲಸ ಮಾಡಿದ್ದು ಯಾವುದೆಂದು ಬೇರ್ಪಡಿಸಲಾಗದು.

ಅಂಗಡಿಯಲ್ಲಿ ಹೆಚ್ಚು ಮಾರಾಟವಾಗುವುದು ಗ್ಲುಕೋಸಮೈನ್ ಮತ್ತು ಕಾಂಡ್ರಾಯ್ಟಿನ್ ಜೋಡಿ. ಕೀಲಿನಲ್ಲಿ ಮೂಳೆಯ ತುದಿಗೆ ಮೆತ್ತೆಯಂತಿರುವ ಮೃದ್ವಸ್ಥಿಯಲ್ಲಿ ಸಹಜವಾಗಿಯೇ ಇರುವ ವಸ್ತುಗಳಾದ್ದರಿಂದ ಅವನ್ನು ತಿನ್ನಿಸಿದರೆ ಮೃದ್ವಸ್ಥಿ ರಿಪೇರಿಯಾಗುತ್ತದೆ ಎಂಬ ತರ್ಕ ಕೇಳಲು ಚೆನ್ನಾಗಿದೆ. ಆದರೆ ನಾಯಿ ಮತ್ತು ಬೆಕ್ಕುಗಳ ಮೇಲಿನ ಪರೀಕ್ಷೆಗಳನ್ನೆಲ್ಲ ಒಟ್ಟುಗೂಡಿಸಿ 2022ರಲ್ಲಿ ಪ್ರಕಟವಾದ ಒಂದು ವಿಮರ್ಶೆ, ಒಮೆಗಾ-3ಕ್ಕೆ ಒಳ್ಳೆಯ ಆಧಾರವಿದೆ ಎಂದೂ, ಈ ಜೋಡಿ ನೋವು ಕಡಿಮೆ ಮಾಡುತ್ತದೆ ಎನ್ನಲು ಆಧಾರ ಸಿಗಲಿಲ್ಲ ಎಂದೂ ಹೇಳಿತು. ಸರಿಯಾದ ಪ್ರಮಾಣದಲ್ಲಿ ಇದು ಸಾಮಾನ್ಯವಾಗಿ ಅಪಾಯಕಾರಿಯಲ್ಲ, ಹಾಗಾಗಿ ವೈದ್ಯರು ಬರೆದುಕೊಟ್ಟರೆ ಕೊಟ್ಟು ನೋಡುವುದರಲ್ಲಿ ತಪ್ಪಿಲ್ಲ. ಇದರ ಮೇಲೆಯೇ ಭಾರ ಹಾಕಿ ಕೂರಬೇಡಿ ಎಂಬುದಷ್ಟೇ ನನ್ನ ಮಾತು. ಬೆಕ್ಕಿಗೆ ಸಕ್ಕರೆ ಕಾಯಿಲೆ ಇದ್ದರೆ ಕೊಡುವ ಮೊದಲು ವೈದ್ಯರಿಗೆ ಹೇಳಿ. ಅಂದಹಾಗೆ, ಗ್ಲುಕೋಸಮೈನ್ ತಯಾರಾಗುವುದು ಹೆಚ್ಚಾಗಿ ಏಡಿ, ಸೀಗಡಿಗಳ ಚಿಪ್ಪಿನಿಂದ, ಕಾಂಡ್ರಾಯ್ಟಿನ್ ಪ್ರಾಣಿಗಳ ಮೃದ್ವಸ್ಥಿಯಿಂದ. ಅಡುಗೆಮನೆಗೆ ಮಾಂಸ ಸೇರಿಸದ ಮನೆಗಳವರು ಇದನ್ನು ಮೊದಲೇ ತಿಳಿದಿದ್ದರೆ, ಆಮೇಲೆ ಡಬ್ಬಿ ನೋಡಿ ಬೇಸರಪಟ್ಟು ನಡುವೆ ನಿಲ್ಲಿಸುವುದು ತಪ್ಪುತ್ತದೆ.

ಅರಿಶಿನ, ಶಲ್ಲಕಿ ಮುಂತಾದ ಗಿಡಮೂಲಿಕೆಗಳ ಪುಡಿಗಳನ್ನು ಬೆಕ್ಕಿಗೆ ನಾನು ಕೊಡುವುದಿಲ್ಲ. ಮನುಷ್ಯರ, ನಾಯಿಗಳ ಯಕೃತ್ತು ಹಲವು ಸಸ್ಯಜನ್ಯ ವಸ್ತುಗಳನ್ನು ಒಂದು ವಿಶೇಷ ಕ್ರಿಯೆಯಿಂದ ನಿರುಪದ್ರವಿಯಾಗಿಸಿ ಹೊರಹಾಕುತ್ತದೆ. ಬೆಕ್ಕಿನ ಯಕೃತ್ತಿಗೆ ಆ ಸಾಮರ್ಥ್ಯ ಬಹಳ ಕಡಿಮೆ. ನಮಗೆ ಹಿತವಾದದ್ದು ಅದಕ್ಕೂ ಹಿತ ಎಂಬ ಲೆಕ್ಕ ಇಲ್ಲಿ ಹಿಡಿಯುವುದಿಲ್ಲ.

ಕೊಡಲೇಬಾರದ್ದು

ಅದೇ ಕಾರಣಕ್ಕೆ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಜ್ವರಕ್ಕೆ ನಾವು ನುಂಗುವ 500 ಮಿಲಿಗ್ರಾಂನ ಒಂದೇ ಮಾತ್ರೆ ಒಂದು ಬೆಕ್ಕನ್ನು ಕೊಲ್ಲಲು ಸಾಕು. ಒಸಡು ಕಂದು ಬಣ್ಣಕ್ಕೆ ತಿರುಗಿ, ಮುಖ ಮತ್ತು ಪಾದ ಊದಿ, ಉಸಿರು ಸಿಕ್ಕಿಕೊಳ್ಳುತ್ತದೆ. ಡೈಕ್ಲೋಫೆನಾಕ್, ಐಬುಪ್ರೊಫೇನ್, ಆಸ್ಪಿರಿನ್‌ಗಳನ್ನೂ ಮನೆಮಟ್ಟಿಗೆ ಕೊಡಬಾರದು. ನೀಲಗಿರಿ ಎಣ್ಣೆ, ಕರ್ಪೂರದ ತೈಲ, ಬೆನ್ನುನೋವಿಗೆ ಹಚ್ಚುವ ಮುಲಾಮುಗಳನ್ನು ಕಾಲಿಗೆ ಸವರಬೇಡಿ, ಏಕೆಂದರೆ ಮೈಗೆ ಹಚ್ಚಿದ್ದು ಐದೇ ನಿಮಿಷದಲ್ಲಿ ನಾಲಿಗೆಯ ಮೂಲಕ ಹೊಟ್ಟೆಗೆ ಹೋಗುತ್ತದೆ. ಮನುಷ್ಯರ ನರದೌರ್ಬಲ್ಯದ ಕ್ಯಾಪ್ಸೂಲ್‌ಗಳಲ್ಲಿ ಸಾಮಾನ್ಯವಾಗಿರುವ ಆಲ್ಫಾ ಲಿಪೊಯಿಕ್ ಆಮ್ಲವೂ ಬೆಕ್ಕಿಗೆ ತೀವ್ರ ವಿಷಕಾರಿ.

ಮನುಷ್ಯರ ಕೀಲುನೋವಿನ ಮಾತ್ರೆಯನ್ನೇ ಕಾಲುಭಾಗ ಮುರಿದು ಕೊಡಿ ಎಂದು ಒಂದು ಮೆಡಿಕಲ್ ಸ್ಟೋರಿನಲ್ಲಿ ನನಗೆ ಹೇಳಿದ್ದರು. ಪಟ್ಟಿಯ ಹಿಂಭಾಗ ಓದಿದಾಗ ಗ್ಲುಕೋಸಮೈನ್ ಜೊತೆಗೆ ಡಯಾಸೆರಿನ್ ಎಂಬ ಬೇರೆ ಔಷಧವೂ ಇತ್ತು. ಕಾಲುಭಾಗ ಮುರಿದರೆ ಎರಡೂ ಕಾಲುಭಾಗ ಹೋಗುತ್ತವೆ, ಒಂದನ್ನು ಬಿಟ್ಟು ಇನ್ನೊಂದನ್ನು ಕೊಡಲು ಬರುವುದಿಲ್ಲ. ಅಂಥ ಮಿಶ್ರಣದ ಮಾತ್ರೆ ಬೇಡವೇ ಬೇಡ.

ಮೀನಿನೆಣ್ಣೆಯ ವಿಷಯದಲ್ಲಿ ಒಂದು ಮುಖ್ಯ ಎಚ್ಚರಿಕೆ. ಮೀನಿನ ಮೈಯಿಂದ ತೆಗೆದ ಎಣ್ಣೆ ಬೇರೆ, ಕಾಡ್ ಮೀನಿನ ಲಿವರ್‌ನಿಂದ ತೆಗೆದ ಎಣ್ಣೆ ಬೇರೆ. ಎರಡೂ ಹಳದಿ ಕ್ಯಾಪ್ಸೂಲ್ ಆಗಿರುವುದರಿಂದ ಗೊಂದಲ ಸುಲಭ. ಲಿವರ್ ಎಣ್ಣೆಯಲ್ಲಿ ವಿಟಮಿನ್ ಎ ಮತ್ತು ಡಿ ಬಹಳವಿದ್ದು, ಅವು ದೇಹದಲ್ಲಿ ಶೇಖರವಾಗುತ್ತಾ ಹೋಗುತ್ತವೆ. ನಮ್ಮ ಕಡೆ ಬೆಕ್ಕಿಗೆ ಅಗ್ಗದಲ್ಲಿ ಸಿಗುವ ಮಾಂಸವೆಂದರೆ ಕೋಳಿ ಅಂಗಡಿಯ ಲಿವರ್, ಕೆಲವರ ಮನೆಯಲ್ಲಿ ಅದು ದಿನದ ಊಟವೇ ಆಗಿಬಿಟ್ಟಿರುತ್ತದೆ. ತಿಂಗಳುಗಟ್ಟಲೆ ಲಿವರ್ ತಿಂದ ಬೆಕ್ಕಿನಲ್ಲಿ ವಿಟಮಿನ್ ಎ ಮಿತಿಮೀರಿ ಕತ್ತಿನ ಮೂಳೆಗಳ ನಡುವೆ ಹೊಸ ಮೂಳೆ ಬೆಳೆದು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ, ಆಗ ಬೆಕ್ಕು ಕತ್ತು ತಿರುಗಿಸಲಾರದು, ಮೈ ನೆಕ್ಕಲಾರದು. ಅಂದರೆ ಕೀಲುನೋವಿಗೆಂದು ಲಿವರ್ ಎಣ್ಣೆ ಕೊಟ್ಟು, ಮೇಲೆ ಲಿವರ್ ಊಟವನ್ನೂ ಹಾಕಿದರೆ ಕೀಲಿನ ಹೊಸ ಕಾಯಿಲೆಯನ್ನು ನಾವೇ ಬೆಳೆಸಿದಂತಾಗುತ್ತದೆ. ಲಿವರ್ ವಾರಕ್ಕೊಮ್ಮೆ ಒಂದೆರಡು ತುಣುಕು ಸಾಕು.

ಲೇಬಲ್ ಮತ್ತು ಅಳತೆ

ಡಬ್ಬಿಯ ಮುಂಭಾಗದಲ್ಲಿ ದೊಡ್ಡ ಅಕ್ಷರದಲ್ಲಿ 1000 ಮಿಲಿಗ್ರಾಂ ಎಂದಿದ್ದರೆ ಅದು ಒಟ್ಟು ಎಣ್ಣೆಯ ತೂಕ. ಸಾಮಾನ್ಯ ಕ್ಯಾಪ್ಸೂಲಿನಲ್ಲಿ ಅದರೊಳಗಿನ ಇಪಿಎ 180, ಡಿಎಚ್‌ಎ 120 ಮಿಲಿಗ್ರಾಂ ಮಾತ್ರ. ವೈದ್ಯರು ಹೇಳುವ ಪ್ರಮಾಣ ಈ ಎರಡರ ಮೊತ್ತಕ್ಕೆ ಸಂಬಂಧಿಸಿದ್ದು, ಆದ್ದರಿಂದ ಹಿಂಭಾಗದ ಸಣ್ಣ ಅಕ್ಷರಗಳ ಫೋಟೋ ತೆಗೆದುಕೊಂಡು ಹೋಗಿ ತೋರಿಸಿ, ನಿಮ್ಮ ಬೆಕ್ಕಿನ ತೂಕಕ್ಕೆ ಎಷ್ಟೆಂದು ಬರೆಸಿಕೊಳ್ಳಿ. ಗ್ಲುಕೋಸಮೈನ್ ಜೋಡಿಯಾದರೆ ಬೆಕ್ಕಿಗೆಂದೇ ತಯಾರಾದ ಕ್ಯಾಪ್ಸೂಲ್‌ಗಳಲ್ಲಿ ಗ್ಲುಕೋಸಮೈನ್ 125, ಕಾಂಡ್ರಾಯ್ಟಿನ್ 100 ಮಿಲಿಗ್ರಾಂನ ಆಸುಪಾಸು ಇರುತ್ತದೆ. ದೊಡ್ಡ ನಾಯಿಯ ಮಾತ್ರೆಯಲ್ಲಿ ಇದರ ಹಲವು ಪಟ್ಟು ಇರುವುದರಿಂದ ನೆರೆಮನೆಯ ನಾಯಿಯ ಡಬ್ಬಿ ಸಾಲ ತರಬೇಡಿ.

ಒಟ್ಟು ಪ್ರಮಾಣ ಎಷ್ಟೇ ಇರಲಿ, ಮೊದಲ ದಿನ ಅದರ ಎಂಟನೇ ಒಂದು ಭಾಗದಿಂದ ಆರಂಭಿಸಿ, ಹತ್ತು ಹದಿನಾಲ್ಕು ದಿನಗಳಲ್ಲಿ ಪೂರ್ತಿಗೆ ಏರಿಸಿ. ಒಂದು ಸಲಕ್ಕೆ ಒಂದೇ ಪೂರಕ. ನಾನು ಅವಸರಪಟ್ಟು ಗ್ಲುಕೋಸಮೈನ್ ಜೋಡಿಯ ಪುಡಿಯನ್ನೂ ಮೀನಿನೆಣ್ಣೆಯನ್ನೂ ಒಂದೇ ಬೆಳಿಗ್ಗೆ ಪೂರ್ತಿ ಅಳತೆಯಲ್ಲಿ ಸುರಿದೆ. ಕೆಂಚಿಗೆ ಎರಡು ದಿನ ಭೇದಿಯಾಯಿತು, ಯಾವುದರಿಂದ ಆಯಿತೆಂದು ತಿಳಿಯದೆ ಎರಡನ್ನೂ ನಿಲ್ಲಿಸಿ ಮೂರು ವಾರ ಕಳೆದು ಹೊಸದಾಗಿ ಶುರುಮಾಡಬೇಕಾಯಿತು.

ಎಣ್ಣೆಯ ಬಾಟಲಿ ತೆರೆದ ಮೇಲೆ ಫ್ರಿಜ್ಜಿನಲ್ಲಿಡಿ. ಮಾರ್ಚಿನಿಂದ ಮೇವರೆಗಿನ ನಮ್ಮ ಬಿಸಿಲಿನಲ್ಲಿ ಕಪಾಟಿನಲ್ಲಿಟ್ಟ ಎಣ್ಣೆ ಬೇಗ ಕಮಟು ಹಿಡಿಯುತ್ತದೆ, ಕಮಟು ಎಣ್ಣೆಯಿಂದ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ಮೂಗಿಗೆ ಹಿಡಿದು ನೋಡಿ: ಮೀನಿನ ವಾಸನೆ ಸಹಜ, ಹಳೆಯ ಪೇಂಟಿನಂಥ ಘಾಟು ಬಂದರೆ ಎಸೆಯಿರಿ. ಬೆಕ್ಕಿಗೆ ಶಸ್ತ್ರಚಿಕಿತ್ಸೆ ಇದ್ದರೆ ಮೀನಿನೆಣ್ಣೆ ಕೊಡುತ್ತಿರುವುದನ್ನು ಮೊದಲೇ ತಿಳಿಸಿ, ರಕ್ತ ಹೆಪ್ಪುಗಟ್ಟುವುದನ್ನು ಅದು ಸ್ವಲ್ಪ ನಿಧಾನಿಸಬಲ್ಲದು.

ಬಾಯಿಗೆ ಸೇರಿಸುವ ಬಗೆ

ಬೆಕ್ಕಿಗೆ ಮೋಸ ಮಾಡಿ ಔಷಧ ತಿನ್ನಿಸುವುದು ಕಷ್ಟ. ದಿನದ ಊಟಕ್ಕೆಲ್ಲ ಪುಡಿ ಕಲಸಿಟ್ಟರೆ ಅದು ಊಟವನ್ನೇ ಬಿಡುತ್ತದೆ, ಇದು ನಾಯಿಯಲ್ಲಿ ಇಲ್ಲದ ಅಪಾಯ. ಬೆಕ್ಕು, ಅದರಲ್ಲೂ ದಪ್ಪ ಬೆಕ್ಕು, ಎರಡು ಮೂರು ದಿನ ಏನೂ ತಿನ್ನದಿದ್ದರೆ ಮೈಕೊಬ್ಬೆಲ್ಲ ಯಕೃತ್ತಿಗೆ ನುಗ್ಗಿ ಕಾಮಾಲೆಯಾಗಿ ಸಾಯಬಹುದು. ಹಸಿದರೆ ತಾನೇ ತಿನ್ನುತ್ತದೆ ಎಂಬ ಮಾತನ್ನು ಬೆಕ್ಕಿನ ವಿಷಯದಲ್ಲಿ ಮರೆತುಬಿಡಿ. ಒಂದು ಇಡೀ ದಿನ ತಿನ್ನದಿದ್ದರೆ ಪೂರಕ ನಿಲ್ಲಿಸಿ ವೈದ್ಯರಿಗೆ ಹೇಳಿ.

ಸರಿಯಾದ ಕ್ರಮ ಹೀಗೆ. ಬೆಳಿಗ್ಗೆ, ಹಸಿವು ಜೋರಾಗಿರುವಾಗ, ದಿನದ ಬಟ್ಟಲನ್ನು ಬಿಟ್ಟು ಬೇರೊಂದು ಚಿಕ್ಕ ತಟ್ಟೆಯಲ್ಲಿ ಒಂದು ಚಮಚದಷ್ಟು ಅದರ ಅತ್ಯಂತ ಇಷ್ಟದ ತಿನಿಸು ಹಾಕಿ. ನಮ್ಮ ಮನೆಯಲ್ಲಿ ಅದು ಬೇಯಿಸಿದ ಕೋಳಿಯನ್ನು ಬೆರಳಿನಲ್ಲಿ ನುರಿದು, ಬೇಯಿಸಿದ ನೀರಿನಲ್ಲೇ ಕಲಸಿದ ಮುದ್ದೆ. ಬೇಯಿಸುವಾಗ ಈರುಳ್ಳಿ, ಬೆಳ್ಳುಳ್ಳಿ ಹಾಕಬೇಡಿ, ಅವು ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಒಗ್ಗರಣೆ ಹಾಕಿದ ಸಾರಂತೂ ಬೇಡ. ಕ್ಯಾಪ್ಸೂಲ್ ಬಿಚ್ಚಿ ಪುಡಿಯನ್ನು, ಅಥವಾ ಸೂಜಿಯಿಂದ ಚುಚ್ಚಿ ಎಣ್ಣೆಯನ್ನು, ಆ ಒಂದು ಚಮಚದಲ್ಲಿ ಬೆರೆಸಿ ಕೈಬೆಚ್ಚಗಿರುವಾಗ ಇಡಿ. ಬೆಚ್ಚಗಿದ್ದರೆ ವಾಸನೆ ಏಳುತ್ತದೆ, ಬೆಕ್ಕು ತಿನ್ನಲು ಒಪ್ಪುವುದು ಮೂಗಿನಿಂದ. ಅದನ್ನು ಮುಗಿಸಿದ ಮೇಲೆ ಏನೂ ಬೆರೆಸದ ಊಟ ಹಾಕಿ. ಹಾಲು, ಹಾಲನ್ನದಲ್ಲಿ ಕಲಸುವ ಅಭ್ಯಾಸ ನಮ್ಮಲ್ಲಿ ಹೆಚ್ಚು. ಆದರೆ ದೊಡ್ಡ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲು ಅರಗುವುದಿಲ್ಲ, ಭೇದಿಯಾದರೆ ಅದು ಹಾಲಿನದೋ ಪೂರಕದ್ದೋ ತಿಳಿಯುವುದಿಲ್ಲ.

ತಟ್ಟೆ ಮೂಸಿ ಹೊರಟುಹೋದರೆ ಎಣ್ಣೆಯ ಎರಡು ಹನಿಯನ್ನು ಮುಂಗಾಲ ಪಾದದ ಮೇಲೆ ಸವರಿ, ನೆಕ್ಕಿಕೊಳ್ಳುತ್ತದೆ. ದ್ರವವನ್ನು ಸಿರಿಂಜಿನಲ್ಲಿ ಕೊಡಲೇಬೇಕಾದರೆ ಬೆಕ್ಕನ್ನು ಟವೆಲ್ಲಿನಲ್ಲಿ ಸುತ್ತಿ, ಕೋರೆಹಲ್ಲಿನ ಹಿಂದೆ ಕೆನ್ನೆಯ ಪಕ್ಕದಿಂದ ಸ್ವಲ್ಪಸ್ವಲ್ಪವಾಗಿ ಬಿಡಿ. ಎಣ್ಣೆಯನ್ನು ಮಾತ್ರ ಹೀಗೆ ಕೊಡಬೇಡಿ, ಅದು ಸದ್ದಿಲ್ಲದೆ ಶ್ವಾಸಕೋಶಕ್ಕೆ ಇಳಿಯಬಹುದು. ಮಾತ್ರೆ ನುಂಗಿಸಿದರೆ ಹಿಂದೆಯೇ ಐದಾರು ಮಿಲಿಲೀಟರ್ ನೀರು ಕುಡಿಸಿ, ಒಣ ಮಾತ್ರೆ ಗಂಟಲ ಕೆಳಗೆ ಅಂಟಿ ಹುಣ್ಣು ಮಾಡುತ್ತದೆ.

ಎಷ್ಟು ಕಾಲ, ಯಾವಾಗ ನಿಲ್ಲಿಸಿ ನೋಡುವುದು

ಗ್ಲುಕೋಸಮೈನ್ ಜೋಡಿಗೆ ನಾಲ್ಕರಿಂದ ಆರು ವಾರ, ಮೀನಿನೆಣ್ಣೆಗೆ ಎಂಟರಿಂದ ಹತ್ತು ವಾರ ಕೊಡದೆ ತೀರ್ಮಾನಕ್ಕೆ ಬರಬಾರದು. ಈ ಅವಧಿಯಲ್ಲಿ ವಾರಕ್ಕೊಮ್ಮೆ, ಒಂದೇ ದಿನ, ಆರು ಸಾಲುಗಳನ್ನು ತುಂಬಿ, ಹಿಂದಿನ ವಾರದ ಅಂಕ ನೋಡದೆ ಬರೆಯಿರಿ. ಹಣ ಕೊಟ್ಟು ತಂದು, ಕಷ್ಟಪಟ್ಟು ತಿನ್ನಿಸುವವರ ಕಣ್ಣಿಗೆ ಬೆಕ್ಕು ಚೇತರಿಸಿದಂತೆ ಕಾಣುವುದು ಸಹಜ. ಔಷಧವೇ ಇಲ್ಲದ ಪುಡಿ ಕೊಟ್ಟಾಗಲೂ ಬಹಳ ಮಂದಿ ಬೆಕ್ಕು ಸುಧಾರಿಸಿದೆ ಎಂದು ಹೇಳಿದ್ದು ಪರೀಕ್ಷೆಗಳಲ್ಲೇ ದಾಖಲಾಗಿದೆ. ಅದನ್ನು ಮೀರಲು ಸಂಶೋಧಕರು ಕಂಡುಕೊಂಡ ದಾರಿ ಮನೆಯಲ್ಲೂ ನಡೆಯುತ್ತದೆ: ಅವಧಿ ಮುಗಿದ ಮೇಲೆ ಪೂರಕವನ್ನು ನಿಲ್ಲಿಸಿ, ನಿಲ್ಲಿಸಿದ್ದನ್ನು ಅಂಕ ಬರೆಯುವವರಿಗೆ ಹೇಳದೆ ನೋಡುವುದು. ಪುಡಿಗೆ ಎರಡು ಮೂರು ವಾರ ಸಾಕು, ಮೀನಿನೆಣ್ಣೆಯ ಪ್ರಭಾವ ನಿಧಾನವಾಗಿ ಇಳಿಯುವುದರಿಂದ ಅದಕ್ಕೆ ಇನ್ನೂ ಕೆಲವು ವಾರ ಬೇಕು.

ನಮ್ಮಲ್ಲಿ ತಿನ್ನಿಸುವವಳು ನಾನು, ಬರೆಯುವವರು ಅಮ್ಮ. ಪುಡಿ ನಿಲ್ಲಿಸಿದ ಮೂರು ವಾರದಲ್ಲಿ ಅಮ್ಮನ ಅಂಕಗಳು ಕದಲಲೇ ಇಲ್ಲ, ಹಾಗಾಗಿ ಪುಡಿಗೆ ವಿದಾಯ ಹೇಳಿದೆವು. ಎಣ್ಣೆ ನಿಲ್ಲಿಸಿದ ಐದನೇ ವಾರ ಎರಡನೇ ಅಂತಸ್ತಿನ ಸಾಲಿನಲ್ಲಿ ಒಂದು ಎಂದಿದ್ದದ್ದು ಸೊನ್ನೆಯಾಯಿತು, ಹಾಲಿನ ಕ್ಯಾನ್ ಸಾಲಿನಲ್ಲೂ ಇಳಿಯಿತು. ಎಣ್ಣೆಯನ್ನು ಮತ್ತೆ ಶುರುಮಾಡಿದೆವು. ಇದು ಒಂದು ಬೆಕ್ಕಿನ ಕಥೆ, ನಿಮ್ಮ ಬೆಕ್ಕಿನ ಪುಸ್ತಕ ಬೇರೆ ಹೇಳಬಹುದು.

ಎರಡೂ ಫಲ ಕೊಡದಿದ್ದರೆ ಮೂರನೇ ಡಬ್ಬಿ, ನಾಲ್ಕನೇ ಡಬ್ಬಿ ಹುಡುಕುತ್ತಾ ಹೋಗಬೇಡಿ, ಆ ಹಣ ನೋವಿನ ನಿಜವಾದ ಔಷಧಕ್ಕೆ ಹೋಗಲಿ. ಮೆಲಾಕ್ಸಿಕಾಂ ಎಂಬ ನೋವುನಿವಾರಕದ ದ್ರಾವಣವನ್ನು ಮೂತ್ರಪಿಂಡದ ರಕ್ತಪರೀಕ್ಷೆ ಮಾಡಿ, ಅತಿ ಸಣ್ಣ ಅಳತೆಯಲ್ಲಿ, ವೈದ್ಯರ ನಿಗಾದಲ್ಲಿ ಬೆಕ್ಕಿಗೆ ಕೊಡುವುದುಂಟು. ಬೆಕ್ಕಿನ ದ್ರಾವಣದಲ್ಲಿ ಮಿಲಿಲೀಟರಿಗೆ 0.5 ಮಿಲಿಗ್ರಾಂ, ನಾಯಿಯದರಲ್ಲಿ 1.5 ಮಿಲಿಗ್ರಾಂ ಇರುತ್ತದೆ. ಬಾಟಲಿ ಅದಲುಬದಲಾದರೆ ಮೂರು ಪಟ್ಟು ಹೋಗುತ್ತದೆ, ಆದ್ದರಿಂದ ಪ್ರತಿ ಸಲ ಕೊಂಡಾಗಲೂ ಅಂಕಿ ಓದಿ. ಬೆಕ್ಕು ಊಟ ಬಿಟ್ಟ ದಿನ, ವಾಂತಿಯಾದ ದಿನ ಅದನ್ನು ಕೊಡದೆ ವೈದ್ಯರನ್ನು ಕೇಳಿ.

ಪೂರಕದ ಜೊತೆಗೆ ಮನೆ

ಐದೂವರೆ ಕೆಜಿ ಇದ್ದ ಕೆಂಚಿಯನ್ನು ನಾಲ್ಕು ತಿಂಗಳಲ್ಲಿ 4.8ಕ್ಕೆ ಇಳಿಸಿದ್ದು ಯಾವ ಡಬ್ಬಿಗಿಂತಲೂ ಹೆಚ್ಚು ಉಪಕಾರ ಮಾಡಿತು ಎಂದು ನನ್ನ ನಂಬಿಕೆ. ವಾರಕ್ಕೆ ಮೈತೂಕದ ನೂರಕ್ಕೆ ಒಂದು ಪಾಲಿಗಿಂತ ವೇಗವಾಗಿ ಇಳಿಸಬೇಡಿ. ಅನ್ನ ತೆಗೆದು ಮಾಂಸ ಉಳಿಸಿ, ಊಟವನ್ನು ನಾಲ್ಕು ಹೊತ್ತಿಗೆ ಹಂಚಿ, ಮೀನಿನೆಣ್ಣೆಯ ಕೊಬ್ಬನ್ನೂ ಲೆಕ್ಕಕ್ಕೆ ಹಿಡಿಯಿರಿ. ಪೂರಕದ ಪರೀಕ್ಷೆ ನಡೆಯುವಾಗ ಮಾತ್ರ ಊಟದಲ್ಲಿ ಹೊಸ ಬದಲಾವಣೆ ತರಬೇಡಿ, ಇಲ್ಲವಾದರೆ ಫಲ ಯಾವುದರದೆಂದು ಪುಸ್ತಕ ಹೇಳಲಾರದು.

ಕಟ್ಟೆಗೂ ನೆಲಕ್ಕೂ ನಡುವೆ ಅಲುಗಾಡದ ಹಾಗೆ ಇಟ್ಟಿಗೆಯ ಮೆಟ್ಟಿಲು ಜೋಡಿಸಿ ಮೇಲೆ ಗೋಣಿ ಹಾಸಿ, ನುಣುಪು ಟೈಲ್ಸ್ ಮೇಲೆ ನೋಯುವ ಕಾಲು ಜಾರುತ್ತದೆ. ಮರಳಿನ ತಟ್ಟೆಯ ಒಂದು ಬದಿಯನ್ನು ನಾಲ್ಕು ಬೆರಳಿನ ಎತ್ತರಕ್ಕೆ ಕತ್ತರಿಸಿ. ಡಿಸೆಂಬರ್, ಜನವರಿಯ ಚಳಿಯಲ್ಲಿ ಕಲ್ಲುಚಪ್ಪಡಿಯ ಮೇಲೆ ಮಲಗಲು ಬಿಡದೆ ಕುರಿ ಉಣ್ಣೆಯ ಕಂಬಳಿಯ ತುಂಡನ್ನು ಎರಡು ಮಡಿಕೆ ಮಾಡಿ ಗಾಳಿ ಬೀಸದ ಮೂಲೆಯಲ್ಲಿ ಹಾಕಿ. ಉಗುರಿನ ತುದಿಯನ್ನಷ್ಟೇ ಮೂರು ನಾಲ್ಕು ವಾರಕ್ಕೊಮ್ಮೆ ಕತ್ತರಿಸಿ, ಬಿಟ್ಟರೆ ಅದು ಬಾಗಿ ಪಾದದ ಮೆತ್ತೆಗೇ ಚುಚ್ಚಿಕೊಳ್ಳುತ್ತದೆ. ನಮ್ಮ ಜಿಲ್ಲೆಯ ಹಲವು ಊರುಗಳ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದು, ಅದು ಮನುಷ್ಯರ, ದನಗಳ ಮೂಳೆಗೆ ಕೇಡು ಮಾಡುವುದು ಗೊತ್ತಿರುವ ವಿಷಯ. ನೀವು ಕುಡಿಯುವ ಶುದ್ಧ ನೀರಿನ ಕ್ಯಾನಿನಿಂದಲೇ ಬೆಕ್ಕಿನ ಬಟ್ಟಲನ್ನೂ ತುಂಬಿ, ದಿನಕ್ಕೆ ಒಂದು ಲೋಟವೂ ಆಗುವುದಿಲ್ಲ.

ಕೆಂಚಿಗೆ ಈಗ ಹದಿನಾಲ್ಕು. ತೊಲೆಗೆ ಹೋಗುವುದಿಲ್ಲ, ಆ ಕಾವಲಿಗೆ ಒಂದು ಮರಿ ಬಂದಿದೆ. ಆರು ತಿಂಗಳಿಗೊಮ್ಮೆ ಅವಳ ರಕ್ತಪರೀಕ್ಷೆ, ತಿಂಗಳ ಮೊದಲ ಭಾನುವಾರ ಗೂಡಿನ ತಕ್ಕಡಿಯಲ್ಲಿ ತೂಕ. ಹೋದ ವಾರದ ಪುಟದಲ್ಲಿ ಅಮ್ಮ ಬರೆದಿದ್ದಾರೆ: ಎರಡನೇ ಅಂತಸ್ತು, ಒಂದು. ಹಾಲಿನ ಕ್ಯಾನ್, ಎರಡು. ಬೆನ್ನಿನ ಕೂದಲು, ಗಂಟಿಲ್ಲ.